ಕವಿ ಅಂದರೆ ಕಂಡವನೋ, ಕಟ್ಟಿದವನೋ?

'ಮೋಡ ಕವಿಯಿತು' ಅನ್ನುವಾಗಿನ ಕವಿ ಬೇರೆ, ಕವಿತೆ ಬರೆಯುವ ಕವಿ ಬೇರೆ. ಮೊದಲನೆಯದು ಅಚ್ಚ ದ್ರಾವಿಡ ಮಾತು, ತಮಿಳಿನಲ್ಲೂ ಇದೆ. ಎರಡನೆಯದು ಸಂಸ್ಕೃತದಿಂದ ಬಂದದ್ದು. ಮನಸ್ಸನ್ನು ಕವಿಯುವವನೇ ಕವಿ ಅಂತ ಯಾರಾದರೂ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಇನ್ನೊಂದು ಕಡೆ, ಇಂಗ್ಲಿಷಿನ 'ಶೋ' ಪದಕ್ಕೂ ನಮ್ಮ ಕವಿಗೂ ಕೇಳಲು ಏನೇನೂ ಹೋಲಿಕೆ ಇಲ್ಲ. ಆದರೆ ಅವೆರಡೂ ಒಂದೇ ಬೇರಿನಿಂದ ಬಂದವು.

ಪದಗಳ ಮೂಲ ಹುಡುಕುವವರು ಕಿವಿಯನ್ನು ಪೂರ್ತಿ ನಂಬುವುದಿಲ್ಲ. ಅವರು ನಂಬುವುದು ಧ್ವನಿಗಳು ಬದಲಾಗುವ ಕ್ರಮವನ್ನು. ಹಳಗನ್ನಡದ ಪಾಲು ಹಾಲಾಯಿತು, ಪೂ ಹೂವಾಯಿತು, ಪಾಡು ಹಾಡಾಯಿತು. ಹೀಗೆ ಪದದ ಮೊದಲಲ್ಲಿದ್ದ ಪಕಾರ ಸಾಲುಸಾಲಾಗಿ ಹಕಾರವಾಯಿತು. ತಮಿಳು, ಮಲಯಾಳಂ, ತೆಲುಗಿನಲ್ಲಿ ಅದು ಹಾಗೇ ಉಳಿದಿದೆ: ಪಾಟ್ಟು, ಪಾಟ. ಇಂಥ ಕ್ರಮ ಕಂಡರೆ ನಂಟು ಖಚಿತ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಇರಬೇಕು ಅಂತ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದು 1786ರಲ್ಲಿ. ದಕ್ಷಿಣದ ನುಡಿಗಳದ್ದು ಬೇರೆಯೇ ಕುಟುಂಬ ಅಂತ ಮದರಾಸಿನ ಇಂಗ್ಲಿಷ್ ಅಧಿಕಾರಿ ಎಲ್ಲಿಸ್ ತೋರಿಸಿದ್ದು 1816ರಲ್ಲಿ. ಕನ್ನಡಕ್ಕೆ ಈ ಎರಡೂ ಕಡೆಯಿಂದ ಪದಗಳು ಬಂದಿವೆ. ಕಾವ್ಯದ ಪದಗಳಲ್ಲಂತೂ ಅದು ಎದ್ದು ಕಾಣುತ್ತದೆ.

ಕವಿ ಎಂಬ ಪದ ಋಗ್ವೇದದಷ್ಟು ಹಳೆಯದು. ಅದರ ಮೊದಲ ಸೂಕ್ತದಲ್ಲೇ ಅಗ್ನಿಯನ್ನು 'ಕವಿಕ್ರತು' ಅಂತ ಕರೆದಿದ್ದಾರೆ. ಅಲ್ಲಿ ಕವಿ ಅಂದರೆ ಪದ್ಯ ಬರೆಯುವವನಲ್ಲ, ಬೇರೆಯವರಿಗೆ ಕಾಣದ್ದನ್ನು ಕಾಣುವವನು. ನಮ್ಮ ಹಳೆಯ ವ್ಯಾಕರಣಕಾರರು ಈ ಪದವನ್ನು 'ವರ್ಣಿಸು' ಅನ್ನುವ ಧಾತುವಿಗೆ ಜೋಡಿಸಿದರು. ಇಂದಿನ ಭಾಷಾವಿಜ್ಞಾನಿಗಳು ಅದರ ಹಿಂದೆ 'ಗಮನಿಸು, ಎಚ್ಚರದಿಂದ ನೋಡು' ಎಂಬ ಇನ್ನೂ ಹಳೆಯ ಬೇರನ್ನು ಗುರುತಿಸುತ್ತಾರೆ. ಲ್ಯಾಟಿನ್‌ನಲ್ಲಿ ಅದೇ ಬೇರು 'ಎಚ್ಚರವಾಗಿರು' ಎಂಬ ಅರ್ಥ ಪಡೆಯಿತು. ಕೋರ್ಟಿನಲ್ಲಿ ಸಲ್ಲಿಸುವ ಕೇವಿಯಟ್ ಅಲ್ಲಿಂದ ಬಂದದ್ದು. ಜರ್ಮನ್ ಬಳಗದ ಭಾಷೆಗಳಲ್ಲಿ ಇದೇ ಬೇರು ಮುಂದೊಂದು ಸಕಾರದೊಂದಿಗೆ ಸಿಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಅದರಿಂದ ಹುಟ್ಟಿದ ಪದಕ್ಕೆ 'ನೋಡು' ಅಂತಲೇ ಅರ್ಥವಿತ್ತು. ಕಾಲ ಕಳೆದಂತೆ ಅದು 'ತೋರಿಸು' ಆಗಿ, ಶೋ ಆಯಿತು.

ಇರಾನಿನಲ್ಲಿ ಈ ಪದ ಹಿಡಿದ ದಾರಿ ನನಗೆ ತುಂಬ ಇಷ್ಟ. ಪಾರ್ಸಿಗಳ ಧರ್ಮಗ್ರಂಥದ ಹಳೆಯ ಭಾಷೆ ಅವೆಸ್ತಾದಲ್ಲೂ ಕವಿ ಇದೆ. ಆ ಧರ್ಮದ ಪ್ರವಾದಿ ಜರತುಷ್ಟ್ರ ತನ್ನ ಎದುರಾಳಿಗಳನ್ನು ಕವಿಗಳು ಅಂತ ಬೈಯುತ್ತಾನೆ. ಆದರೆ ಅವನಿಗೆ ಆಶ್ರಯ ಕೊಟ್ಟ ವಿಷ್ತಾಸ್ಪನ ಹೆಸರಿನ ಜೊತೆಗೂ ಕವಿ ಎಂಬ ಬಿರುದಿದೆ. ಮುಂದೆ ಅದು ರಾಜರ ಬಿರುದಾಗಿ, ಪಾರಸಿಯಲ್ಲಿ 'ಕೈ' ಅಂತ ಮೊಟಕಾಯಿತು. ಕೈಖುಸ್ರೋ, ಕೈಕೋಬಾದ್ ಹೆಸರುಗಳಲ್ಲಿರುವ ಕೈ ಇದೇ. ಕೈಕಾವೂಸ್ ಹೆಸರಿನಲ್ಲಂತೂ ಕವಿ ಎರಡು ಸಲ ಬಂದಿದೆ. ಅವೆಸ್ತಾದ 'ಕವಿ ಉಸನ್' ಸವೆದು ಕಾವೂಸ್ ಆಯಿತು. ಅದರೊಳಗೆ ಕವಿ ಇದೆ ಅನ್ನುವುದು ಮರೆತು ಮುಂದೆ ಮತ್ತೊಂದು ಕೈ ಸೇರಿಸಿದರು. ಈ ಉಸನ್ ನಮಗೂ ಗೊತ್ತಿರುವವನೇ. ಋಗ್ವೇದದಲ್ಲಿ ಅವನು ಉಶನಸ್ ಕಾವ್ಯ, ಪುರಾಣದಲ್ಲಿ ಶುಕ್ರಾಚಾರ್ಯ. ಭಗವದ್ಗೀತೆಯಲ್ಲಿ ಕೃಷ್ಣ 'ಕವಿಗಳಲ್ಲಿ ನಾನು ಉಶನ' ಅನ್ನುವುದು ಇವನನ್ನೇ ನೆನೆದು.

ಕವಿಯನ್ನು ಕಾಣುವವನು, ಅರಿಯುವವನು ಅಂತ ಕರೆದವರು ನಾವಷ್ಟೇ ಅಲ್ಲ. ಹಳೆಯ ಐರಿಷ್‌ನಲ್ಲಿ ಕವಿಗೆ 'ಫಿಲಿ' ಅನ್ನುತ್ತಿದ್ದರು. ಅದರ ಬೇರಿನ ಅರ್ಥ ನೋಡುವುದು. ಲ್ಯಾಟಿನ್‌ನ 'ವಾತೇಸ್' ಕವಿಯೂ ಹೌದು, ಕಾಲಜ್ಞಾನಿಯೂ ಹೌದು. ಅರಬ್ಬಿಯ 'ಶಾಯಿರ್' ಅಂದರೆ ಅರಿತವನು, ಮನಸ್ಸಿಗೆ ತಾಗಿಸಿಕೊಂಡವನು. ಶಾಯರಿ ಎಂಬ ಪದ ಅದರ ಕುಡಿ.

ಗ್ರೀಕರು ಮಾತ್ರ ಬೇರೆ ದಾರಿ ಹಿಡಿದರು. ಅವರ 'ಪೊಯೆತೆಸ್' ಅಂದರೆ ಮಾಡುವವನು. ಇಂಗ್ಲಿಷಿನ ಪೊಯೆಟ್ ಅಲ್ಲಿಂದ ಬಂತು. ಈ ಗ್ರೀಕ್ ಪದದ ಬೇರು 'ಒಂದರ ಮೇಲೊಂದು ಪೇರಿಸು' ಅನ್ನುವುದು. ಸಂಸ್ಕೃತದಲ್ಲಿ ಅದೇ ಬೇರಿನಿಂದ ಸಂಚಯ ಬಂತು, ಸೌದೆ ಪೇರಿಸಿ ಮಾಡುವ ಚಿತೆಯೂ ಬಂತು. ಪೊಯೆಟ್‌ಗೂ ಚಿತೆಗೂ ನಂಟು ಅಂದರೆ ನಂಬಲು ಕಷ್ಟ, ಅಲ್ವಾ? ಆದರೆ ಮೂಲದ ಒಂದೇ ವ್ಯಂಜನ ಗ್ರೀಕಿನಲ್ಲಿ ಕೆಲವು ಕಡೆ ಪಕಾರವಾಗಿ, ಸಂಸ್ಕೃತದಲ್ಲಿ ಇ, ಎ ಸ್ವರಗಳ ಮುಂದೆ ಚಕಾರವಾಗಿ ಬರುವುದು ಬೇರೆ ಪದಗಳಲ್ಲೂ ಕಾಣುತ್ತದೆ. ಸ್ಕಾಟ್ಲೆಂಡಿನವರೂ ತಮ್ಮ ಹಳೆಯ ಕವಿಗಳನ್ನು 'ಮಕರ್', ಅಂದರೆ ಮಾಡುವವನು, ಅಂತಲೇ ಕರೆದರು. ಊರೂರು ತಿರುಗಿ ಹಾಡುತ್ತಿದ್ದ ಗ್ರೀಕ್ ಗಾಯಕನಿಗೆ 'ರ್ಯಾಪ್ಸೋಡ್' ಅಂತ ಹೆಸರು. ಅದರ ಅರ್ಥ ಹಾಡು ಹೊಲಿಯುವವನು.

ಕನ್ನಡದಲ್ಲಿ ಈ ಎರಡನೆಯ ದಾರಿಯೂ ಇದೆ. ಅದು ಕ್ರಿಯಾಪದದಲ್ಲಿ ಅಡಗಿದೆ. ನಮ್ಮ ಜನ ಹಾಡು ಕಟ್ಟುತ್ತಾರೆ, ಪದ ಕಟ್ಟುತ್ತಾರೆ, ಲಾವಣಿ ಕಟ್ಟುತ್ತಾರೆ. ಹೂಮಾಲೆಗೂ ಮನೆಗೂ ಇರುವ ಮಾತೇ ಹಾಡಿಗೂ. ವೇದದ ಋಷಿಗಳು ಕೂಡ ಬಡಗಿ ರಥವನ್ನು ಕೆತ್ತಿದ ಹಾಗೆ ಸೂಕ್ತ ಕೆತ್ತಿದೆವು ಅಂತ ಹೇಳಿಕೊಂಡಿದ್ದಾರೆ. ಕಾಶ್ಮೀರದ ಭಟ್ಟತೌತ, ಅಭಿನವಗುಪ್ತನ ಗುರು, ಕಾಣುವುದು, ಕಟ್ಟುವುದು ಎರಡನ್ನೂ ಒಟ್ಟಿಗೆ ಇಟ್ಟ. ಕಂಡದ್ದರಿಂದ ಋಷಿ ಆಗುತ್ತಾನೆ. ಕಂಡದ್ದನ್ನು ವರ್ಣಿಸಿದ ಮೇಲೆ ತಾನೇ ಕವಿ ಅನ್ನಿಸಿಕೊಳ್ಳುವುದು ಅಂದ. ಕವಿ ಎಂಬ ಪದದ ಬಗ್ಗೆ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ.

ಕಾವ್ಯ ಪ್ರಾಕೃತದಲ್ಲಿ 'ಕವ್ವ' ಆಗಿ, ಕನ್ನಡಕ್ಕೆ ಬಂದು 'ಕಬ್ಬ' ಆಯಿತು. ಪರ್ವ ಹಬ್ಬವಾದದ್ದೂ ಹೀಗೆಯೇ. ಕಬ್ಬ ಮಾಡುವವನು ಕಬ್ಬಿಗ. ಕೊನೆಯ 'ಇಗ'ವನ್ನು ಗಮನಿಸಿ: ಗಾಣಿಗ, ಅಂಬಿಗ, ಹೂವಾಡಿಗ. ಕಾಣುವವನನ್ನು ಕನ್ನಡ ಕಸುಬುದಾರರ ಸಾಲಿಗೆ ತಂದು ಕೂರಿಸಿತು. 13ನೆಯ ಶತಮಾನದ ಆಂಡಯ್ಯ ಸಂಸ್ಕೃತ ಪದಗಳನ್ನು ಇದ್ದ ಹಾಗೇ ಬಳಸುವುದಿಲ್ಲ ಅಂತ ಪಣ ತೊಟ್ಟು ಕಾವ್ಯ ಬರೆದ. ಅದರ ಹೆಸರು 'ಕಬ್ಬಿಗರ ಕಾವ'. ಆ ಹೆಸರಿನ ಮೊದಲ ಪದವೂ ಸಂಸ್ಕೃತದಿಂದ ಹೊರಟದ್ದೇ. ಆದರೆ ಅಷ್ಟು ಹೊತ್ತಿಗೆ ಅದು ಪೂರ್ತಿ ಕನ್ನಡದ್ದಾಗಿತ್ತು.

ಪದ್ಯ ಬಂದದ್ದು ಪಾದದಿಂದ. ನಾಲ್ಕು ಕಾಲಿನ ಪ್ರಾಣಿಗೆ ಒಂದು ಕಾಲು ಅಂದರೆ ನಾಲ್ಕನೇ ಒಂದು ಭಾಗ. ಹಾಗೆ ಪದ್ಯದ ನಾಲ್ಕನೇ ಒಂದು ಭಾಗಕ್ಕೆ ಪಾದ ಎಂಬ ಹೆಸರು. ಕನ್ನಡದ 'ಕಾಲು' ಪದಕ್ಕೂ ಈ ಎರಡೂ ಅರ್ಥ ಇವೆ. ಗ್ರೀಕರೂ ಪದ್ಯಕ್ಕೆ ಪಾದ ಕೊಟ್ಟರು, ಆದರೆ ಅವರ ಪಾದ ತುಂಬ ಪುಟ್ಟದು. ಎರಡು ಮೂರು ಅಕ್ಷರದ ಒಂದು ಗಣದಷ್ಟು, ಕುಣಿಯುವಾಗ ಒಮ್ಮೆ ಎತ್ತಿ ಇಟ್ಟ ಹೆಜ್ಜೆಯಷ್ಟು. ನಮ್ಮಲ್ಲಿ ಆರು ಸಾಲಿನದು ಷಟ್ಪದಿ. ಆರು ಕಾಲಿನ ದುಂಬಿಗೂ ಸಂಸ್ಕೃತದಲ್ಲಿ ಷಟ್ಪದ ಅಂತಲೇ ಹೆಸರು.

ವೃತ್ತ ಅಂದರೆ ತಿರುಗಿದ್ದು. ಲ್ಯಾಟಿನ್‌ನಲ್ಲಿ ಅದೇ ಬೇರಿನಿಂದ ಬಂದ ಪದ ನೇಗಿಲು ಹೊಲದ ಅಂಚಿಗೆ ಹೋಗಿ ತಿರುಗುವುದಕ್ಕೂ ಸಲ್ಲುತ್ತಿತ್ತು, ಪದ್ಯದ ಸಾಲಿಗೂ ಸಲ್ಲುತ್ತಿತ್ತು. ಇಂಗ್ಲಿಷಿನ ವರ್ಸ್ ಅದೇ. ಪ್ರೋಸ್ ಕೂಡ ಇದೇ ಮನೆಯದು: ತಿರುಗದೆ ನೇರ ಮುಂದೆ ಹೋಗುವುದು. ನಮ್ಮ ಗದ್ಯಕ್ಕೆ ಆ ಕಥೆ ಇಲ್ಲ. ಅದು ಸುಮ್ನೆ 'ಹೇಳು' ಎಂಬ ಧಾತುವಿನದು.

ಶ್ಲೋಕದ ಹುಟ್ಟು ಎಲ್ಲರಿಗೂ ಗೊತ್ತು. ಕ್ರೌಂಚ ಹಕ್ಕಿಯನ್ನು ಬೇಡ ಕೊಂದಾಗ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತು ಅಂತ ರಾಮಾಯಣ ಹೇಳುತ್ತದೆ. ಕಥೆಯಾಗಿ ಇದು ಅದ್ಭುತ. ಭಾಷೆಯ ಲೆಕ್ಕದಲ್ಲಿ ಮಾತ್ರ ಶ್ಲೋಕ ಬಂದದ್ದು 'ಕೇಳು' ಅನ್ನುವ ಬೇರಿನಿಂದ. ಕೇಳಿಬರುವುದು, ಆಮೇಲೆ ಕೀರ್ತಿ. 'ಪುಣ್ಯಶ್ಲೋಕ' ಅನ್ನುವಾಗ ಆ ಹಳೆಯ ಅರ್ಥ ಇನ್ನೂ ಜೀವಂತ. ಗ್ರೀಕರು ವೀರನ ಕೀರ್ತಿಗೆ 'ಕ್ಲೆಓಸ್' ಅನ್ನುತ್ತಾರೆ. ಅದೂ ಇದೇ ಬೇರು. ಗ್ರೀಕ್ ಮಹಾಕಾವ್ಯ ಇಲಿಯಡ್‌ನಲ್ಲಿ ವೀರ ಅಕಿಲೀಸ್ ಹೇಳುವ 'ಅಳಿಯದ ಕೀರ್ತಿ', ಋಗ್ವೇದದ ಕವಿ ಇಂದ್ರನಲ್ಲಿ ಕೇಳುವ 'ಅಕ್ಷಿತ ಶ್ರವಸ್ಸು', ಅಂದರೆ ಕುಂದದ ಕೀರ್ತಿ, ಇವೆರಡರ ಪದಗಳೂ ಬೇರಿನಲ್ಲಿ ಒಂದಕ್ಕೊಂದು ಹೊಂದುತ್ತವೆ. ಇದನ್ನು ಗುರುತಿಸಿದವನು ಜರ್ಮನ್ ವಿದ್ವಾಂಸ ಅಡಾಲ್ಬರ್ಟ್ ಕೂನ್, 1853ರಲ್ಲಿ. ಎರಡೂ ಭಾಷೆ ಬೇರೆಯಾಗುವ ಮೊದಲೇ ಕವಿಗಳ ಬಾಯಲ್ಲಿ ಇಂಥ ನುಡಿಗಟ್ಟುಗಳು ಇದ್ದವು ಅಂತ ಊಹಿಸಲು ಇದು ದೊಡ್ಡ ಆಧಾರ. ವಚನವೂ ಇಂಥದ್ದೇ ಹಳೆಯ ಬೇರಿನದು. 'ನುಡಿ' ಎಂಬ ಅರ್ಥದ ಆ ಬೇರಿನಿಂದಲೇ ಗ್ರೀಕಿನ 'ಎಪೋಸ್' ಹುಟ್ಟಿ ಎಪಿಕ್ ಆಯಿತು. ಮಹಾಕಾವ್ಯಕ್ಕೂ ನಾಲ್ಕು ಸಾಲಿನ ವಚನಕ್ಕೂ ಅಜ್ಜಿ ಒಬ್ಬಳೇ.

ಇನ್ನು 'ಪದ'. ಸಂಸ್ಕೃತದಲ್ಲಿ ಅದು ಮೊದಲು ಹೆಜ್ಜೆ, ಹೆಜ್ಜೆಗುರುತು. ಆಮೇಲೆ ಮಾತಿನ ಒಂದು ಹೆಜ್ಜೆ, ಅಂದರೆ ಶಬ್ದ. ಕನ್ನಡದ ಹಳ್ಳಿಗರ ಬಾಯಲ್ಲಿ ಅದು ಇನ್ನೂ ಮುಂದೆ ಹೋಗಿ ಇಡೀ ಹಾಡೇ ಆಯಿತು: ಬೀಸುವ ಪದ, ಡೊಳ್ಳಿನ ಪದ, ತತ್ವಪದ. ಹಾಗಾಗಿ ಜಾನಪದ ಅಂದರೆ ಜನರ ಹಾಡು ಅಂತ ತಿಳಿದವರು ಜಾಸ್ತಿ. ಆದರೆ ಆ ಪದದಲ್ಲಿರುವ ಪದ ಹಾಡಲ್ಲ, ಹಳೆಯ ಹೆಜ್ಜೆಯೇ. ಜನರು ಕಾಲಿಟ್ಟು ನೆಲೆಸಿದ ನಾಡು ಜನಪದ. ಆ ನಾಡಿಗೆ ಸೇರಿದ್ದು ಜಾನಪದ.