ಪದ ಪರಿಚಯ: ಗಾಮಾ ಸೆಳಕು

ಇಂಗ್ಲಿಷಿನಲ್ಲಿ ಇದರ ಹೆಸರು ‘ಟೆರೆಸ್ಟ್ರಿಯಲ್ ಗಾಮಾ-ರೇ ಫ್ಲ್ಯಾಶ್’, ಮೊಟಕಾಗಿ ಟಿಜಿಎಫ್. ಕನ್ನಡಕ್ಕೆ ತರುವಾಗ ‘ಫ್ಲ್ಯಾಶ್’ ಪದಕ್ಕೆ ಮಿಂಚು ಎಂದುಬಿಟ್ಟರೆ ಕೆಲಸ ಕೆಡುತ್ತದೆ. ಇದು ಹುಟ್ಟುವ ಗುಡುಗುಮೋಡದಲ್ಲಿ ಮಿಂಚು ಬೇರೆಯಾಗಿಯೇ ಇದೆ. ಅದು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಹಾಗಾಗಿ ನಾನಿಲ್ಲಿ ‘ಗಾಮಾ ಸೆಳಕು’ ಎನ್ನುತ್ತೇನೆ. ಗುಡುಗುಮೋಡದೊಳಗಿಂದ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿಗೂ ಕಡಿಮೆ ಹೊತ್ತು ಚಿಮ್ಮುವ ಗಾಮಾ ಕಿರಣಗಳ (ಕಣ್ಣಿಗೆ ಕಾಣದ, ಭಾರಿ ಶಕ್ತಿಯ ಬೆಳಕಿನ) ಬುಗ್ಗೆ ಎಂಬುದು ಇದರ ಅರ್ಥ.

‘ಟೆರೆಸ್ಟ್ರಿಯಲ್’, ಅಂದರೆ ಭೂಮಿಯದು, ಎಂದು ಹೆಸರಿನಲ್ಲೇ ಒತ್ತಿ ಹೇಳಬೇಕಾಗಿ ಬಂದದ್ದಕ್ಕೆ ಒಂದು ಕತೆಯಿದೆ. 1991ರಲ್ಲಿ ನಾಸಾ ಹಾರಿಸಿದ ಕಾಂಪ್ಟನ್ ಎಂಬ ಉಪಗ್ರಹ ವೀಕ್ಷಣಾಲಯದಲ್ಲಿ ಬ್ಯಾಟ್ಸೆ ಎಂಬ ಉಪಕರಣವಿತ್ತು. ದೂರದ ಬ್ರಹ್ಮಾಂಡದಲ್ಲಿ ಆಗುವ ಗಾಮಾ ಸ್ಫೋಟಗಳನ್ನು ಹಿಡಿಯುವುದು ಅದರ ಕಸುಬು. ಆದರೆ ನಡುನಡುವೆ ಕಾಲ ಕೆಳಗಿನಿಂದಲೇ ಸೆಳಕುಗಳು ಬಂದು ಬೀಳತೊಡಗಿದವು. ಜೆರಾಲ್ಡ್ ಫಿಶ್‌ಮನ್ ಮತ್ತು ಜೊತೆಗಾರರು 1994ರಲ್ಲಿ ಇದನ್ನು ವರದಿ ಮಾಡಿ, ಗುಡುಗುಮೋಡಗಳ ಕಡೆಗೆ ಬೆರಳು ತೋರಿದರು.

ಇಂಥದ್ದೊಂದು ಸಾಧ್ಯ ಎಂಬ ಸುಳಿವು ಅದಕ್ಕೂ ಎಷ್ಟೋ ಹಿಂದಿನದು. ಗಾಳಿಯಲ್ಲಿ ಓಡುವ ಎಲೆಕ್ಟ್ರಾನಿಗೆ ಹೆಜ್ಜೆಹೆಜ್ಜೆಗೂ ಅಣುಗಳ ಅಡ್ಡಿ. ಆದರೆ ಅದರ ವೇಗ ಒಂದು ಮಟ್ಟ ದಾಟಿದ ಮೇಲೆ ಅಡ್ಡಿ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಸಂತೆಯಲ್ಲಿ ಮೆಲ್ಲಗೆ ಹೋಗುವವನನ್ನು ನಾಲ್ಕು ಜನ ನಿಲ್ಲಿಸಿ ಮಾತಾಡಿಸುತ್ತಾರೆ, ಓಡುವವನ ತಂಟೆಗೆ ಯಾರೂ ಹೋಗುವುದಿಲ್ಲವಲ್ಲ, ಹಾಗೆ. ಮೋಡದ ವಿದ್ಯುತ್ ಕ್ಷೇತ್ರ ಅಂಥ ಎಲೆಕ್ಟ್ರಾನನ್ನು ಇನ್ನಷ್ಟು ತಳ್ಳಿದರೆ ಅದು ಬೆಳಕಿನ ವೇಗದ ಹತ್ತಿರಕ್ಕೆ ಹೋಗುತ್ತದೆ. ಇದನ್ನು 1925ರಲ್ಲೇ ಹೇಳಿದವರು ಸ್ಕಾಟ್ಲೆಂಡಿನ ಸಿ.ಟಿ.ಆರ್. ವಿಲ್ಸನ್. ಎರಡು ವರ್ಷದ ನಂತರ ಅವರಿಗೆ ನೊಬೆಲ್ ಬಂತು, ಆದರೆ ಕಣಗಳ ಜಾಡು ತೋರಿಸುವ ಮೇಘಕೋಷ್ಠ ಎಂಬ ಉಪಕರಣದ ಕೆಲಸಕ್ಕಾಗಿ.

ಆ ಮೊದಲ ವೇಗದ ಎಲೆಕ್ಟ್ರಾನನ್ನು ಒದಗಿಸುವುದು ಹೆಚ್ಚಾಗಿ ವಿಶ್ವಕಿರಣಗಳು, ಅಂದರೆ ಅಂತರಿಕ್ಷದಿಂದ ಬಂದು ಬೀಳುವ ವೇಗದ ಕಣಗಳು. ಅದು ದಾರಿಯಲ್ಲಿ ಇನ್ನೊಂದನ್ನು ಕಿತ್ತು ಓಡಿಸುತ್ತದೆ, ಅವೆರಡೂ ಮತ್ತಷ್ಟನ್ನು. ಗುಡ್ಡ ಜರಿದಂತೆ ಬೆಳೆಯುವ ಈ ಹಿಂಡು ಸಾರಜನಕ, ಆಮ್ಲಜನಕದ ನ್ಯೂಕ್ಲಿಯಸ್‌ಗಳ ಪಕ್ಕ ಹಾಯುವಾಗ ಬಾಗಿ, ಕಳೆದುಕೊಂಡ ಶಕ್ತಿಯನ್ನು ಗಾಮಾ ಕಿರಣವಾಗಿ ಉಗುಳುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕೆ 2–3 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಾದರೆ, ಇಲ್ಲಿ ಲೆಕ್ಕ ಕೋಟಿಗಳಲ್ಲಿ.

ಅಷ್ಟು ವಿದ್ಯುತ್ತು ಮೋಡದಲ್ಲಿ ಇರುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಬಂಡೀಪುರ ದಾಟಿದರೆ ಸಿಗುವ ಊಟಿಯಲ್ಲಿ. ಅಲ್ಲಿನ ಗ್ರೇಪ್ಸ್-3 ಪ್ರಯೋಗಶಾಲೆ ವಿಶ್ವಕಿರಣಗಳಿಂದ ಹುಟ್ಟುವ ಮ್ಯೂಯಾನ್ ಕಣಗಳನ್ನು (ಎಲೆಕ್ಟ್ರಾನಿನ ಭಾರವಾದ ಸೋದರರನ್ನು) ಎಣಿಸುತ್ತದೆ. 2014ರ ಡಿಸೆಂಬರ್ 1ರಂದು ಒಂದು ಗುಡುಗುಮೋಡ ಮೇಲೆ ಹಾದುಹೋದಾಗ ಎಣಿಕೆ ಸುಮಾರು 2% ಇಳಿಯಿತು. ಮೋಡದ ವಿದ್ಯುತ್ತು ಮ್ಯೂಯಾನುಗಳ ಶಕ್ತಿಯನ್ನು ಏರುಪೇರು ಮಾಡುವುದರಿಂದ ಎಣಿಕೆ ಬದಲಾಗುತ್ತದೆ. ಆ ಇಳಿಕೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಮೋಡದ ವಿದ್ಯುತ್ ವಿಭವ, ಅಂದರೆ ವೋಲ್ಟೇಜು, 130 ಕೋಟಿ ವೋಲ್ಟ್! ಬಲೂನು ಹಾರಿಸಿ ಅಳೆದಿದ್ದ ಹಿಂದಿನ ದಾಖಲೆ ಇದರ ಹತ್ತನೇ ಒಂದು ಪಾಲು. 2019ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನೆಲದ ಮೇಲೆ ಕೂತು ಮೋಡದ ವೋಲ್ಟೇಜು ಅಳೆದ ಈ ಜಾಣತನ ನನಗಂತೂ ಉಪಗ್ರಹದ ಕತೆಗಿಂತ ರುಚಿಸಿತು.

ಉಪಗ್ರಹದ ಕತೆಯೂ ಕಡಿಮೆಯದಲ್ಲ. 2009ರ ಡಿಸೆಂಬರ್ 14ರಂದು ಭೂಮಿಯನ್ನು ಸುತ್ತುವ ಫರ್ಮಿ ಗಾಮಾ ದೂರದರ್ಶಕ ಈಜಿಪ್ಟಿನ ಮೇಲಿತ್ತು, ಸೆಳಕು ಹುಟ್ಟಿಸಿದ ಮೋಡ ದಕ್ಷಿಣಕ್ಕೆ ಜಾಂಬಿಯಾದಲ್ಲಿ, ದಿಗಂತದಾಚೆ. ಗಾಮಾ ಕಿರಣ ನೇರವಾಗಿ ತಲುಪುವ ಹಾಗಿರಲಿಲ್ಲ. ತಲುಪಿದ್ದು ಆ ಕಿರಣಗಳಿಂದ ಹುಟ್ಟಿ, ಭೂಮಿಯ ಕಾಂತಬಲರೇಖೆ ಹಿಡಿದು ಬಂದ ಎಲೆಕ್ಟ್ರಾನ್–ಪಾಸಿಟ್ರಾನುಗಳು. ಪಾಸಿಟ್ರಾನ್ ಎಂದರೆ ಎಲೆಕ್ಟ್ರಾನಿನ ಪ್ರತಿಕಣ. ಅಂದರೆ ಮಳೆಮೋಡವೊಂದು ಪ್ರತಿದ್ರವ್ಯವನ್ನು ಅಂತರಿಕ್ಷಕ್ಕೆ ಎರಚಿತ್ತು.

ಸೆಳಕನ್ನು ‘ಗಾಮಾ ಪ್ರಭೆ’ಯ ಜೊತೆ ಬೆರೆಸಬಾರದು. ಪ್ರಭೆ ಮಂದ, ಆದರೆ ಸೆಕೆಂಡುಗಳಿಂದ ನಿಮಿಷಗಟ್ಟಲೆ ಇರುತ್ತದೆ. ಜಪಾನಿನ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲದ ತಗ್ಗು ಮೋಡಗಳಿಂದ ನೆಲಕ್ಕೇ ತಲುಪುತ್ತದೆ. ಅದೇ ಕರಾವಳಿಯ ಕಾಶಿವಜಾಕಿಯಲ್ಲಿ 2017ರ ಫೆಬ್ರವರಿ 6ರ ಮಿಂಚೊಂದು ಹೊಮ್ಮಿಸಿದ ಗಾಮಾ ಕಿರಣಗಳು ಸಾರಜನಕದ ನ್ಯೂಕ್ಲಿಯಸ್‌ನಿಂದ ನ್ಯೂಟ್ರಾನನ್ನೇ ಕಿತ್ತುಹಾಕಿದ್ದವು. ಪರಮಾಣು ಕ್ರಿಯೆ, ಬರೀ ಗಾಳಿಯಲ್ಲಿ.

2023ರಲ್ಲಿ ನಾಸಾದ ಇಆರ್-2 ವಿಮಾನ ಸುಮಾರು 20 ಕಿ.ಮೀ. ಎತ್ತರದಲ್ಲಿ, ಕೆರಿಬಿಯನ್ ಮತ್ತು ಮಧ್ಯ ಅಮೆರಿಕದ ಮೋಡಗಳ ಮೇಲೆ ಹಾರಿದಾಗ ಮೂರನೆಯ ಬಗೆ ಸಿಕ್ಕಿತು: ಪ್ರಭೆಯಾಗಿ ಶುರುವಾಗಿ, ಒಮ್ಮೆಲೇ ತೀವ್ರವಾಗಿ, ಬಿಟ್ಟುಬಿಟ್ಟು ಹೊತ್ತುವಂಥದ್ದು. ಇದಕ್ಕೆ ಹೊಸ ಪದ ಟಂಕಿಸುವ ಕಷ್ಟ ನಮಗಿಲ್ಲ. ಮಿಣುಕುಹುಳವನ್ನು ನೋಡಿದವರಿಗೆ ‘ಗಾಮಾ ಮಿಣುಕು’ ಎಂದರೆ ಸಾಕು.