ಸೆಪ್ಟೆಂಬರ್ 17: ಹದಿಮೂರು ತಿಂಗಳು ತಡವಾಗಿ ಬಂದ ಸ್ವಾತಂತ್ರ್ಯ

1947ರ ಆಗಸ್ಟ್ 15ರಂದು ತುಂಗಭದ್ರೆಯ ಬಲದಂಡೆಯ ಹೊಸಪೇಟೆ ಸ್ವತಂತ್ರ ಭಾರತಕ್ಕೆ ಸೇರಿತ್ತು. ಎದುರು ದಂಡೆಯ ಮುನಿರಾಬಾದ್ ಸೇರಿರಲಿಲ್ಲ. ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ಇವೆರಡರ ನಡುವೆ ಏಳುತ್ತಿದ್ದ ಅಣೆಕಟ್ಟಿಗೆ 1945ರಲ್ಲೇ ಈ ದಂಡೆಯಲ್ಲಿ ಮದ್ರಾಸ್ ಸರ್ಕಾರ, ಆ ದಂಡೆಯಲ್ಲಿ ಹೈದರಾಬಾದ್ ಸರ್ಕಾರ ಬೇರೆ ಬೇರೆ ಅಡಿಗಲ್ಲು ಇಟ್ಟಿದ್ದವು. ನದಿ ಒಂದೇ, ಎರಡೂ ಕಡೆಯ ಮಾತು ಕನ್ನಡ. ಆದರೂ ಆ ದಿನ ಒಂದು ದಂಡೆಯಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ಹಬ್ಬ, ಇನ್ನೊಂದರಲ್ಲಿ ಅಪರಾಧ.

ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಭಾರತದೊಳಗೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಇಂದಿನ ಯಾದಗಿರಿ, ಕೊಪ್ಪಳ ಜಿಲ್ಲೆಗಳೂ ಆಗ ಇವುಗಳೊಳಗೇ ಇದ್ದವು. ಬೆಂಗಳೂರು, ಮೈಸೂರಿನ ಕಡೆಯವರಿಗೆ ಈ ತಾರೀಖು ಹೇಳಿದರೆ ಈಗಲೂ ಥಟ್ಟನೆ ಹೊಳೆಯುವುದಿಲ್ಲ. ನಮ್ಮದೇ ರಾಜ್ಯದ ಒಂದು ದೊಡ್ಡ ಭಾಗ ಸ್ವಾತಂತ್ರ್ಯಕ್ಕಾಗಿ ಹದಿಮೂರು ತಿಂಗಳು ಹೆಚ್ಚು ಕಾಯಿತು ಎಂಬುದು ಮಿಕ್ಕವರ ನೆನಪಿನಲ್ಲಿ ಇಷ್ಟು ತೆಳುವಾಗಿರುವುದು ನನಗೆ ನೋವಿನ ಸಂಗತಿ.

ಬ್ರಿಟಿಷರು ಹೊರಟಾಗ ಸಂಸ್ಥಾನಗಳ ಮೇಲಿನ ಅವರ ಪರಮಾಧಿಕಾರವೂ ಮುಗಿಯಿತು. ತಾನು ಯಾರ ಜೊತೆಗೂ ಸೇರದೆ ಸ್ವತಂತ್ರವಾಗಿ ಉಳಿಯುವುದಾಗಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1947ರ ಜೂನ್‌ನಲ್ಲೇ ಫರ್ಮಾನು ಹೊರಡಿಸಿದ್ದರು. ಸಂಸ್ಥಾನವಾದರೂ ಸಣ್ಣದಲ್ಲ: ಸುಮಾರು 1.6 ಕೋಟಿ ಜನ, 16 ಜಿಲ್ಲೆ. ಜನರ ಮಾತು ತೆಲುಗು, ಮರಾಠಿ, ಕನ್ನಡ. ಕಚೇರಿಯ ಭಾಷೆ ಉರ್ದು. ಕಲಬುರಗಿ ಕಡೆ ಹಳೆಯ ಜಮೀನಿನ ಕಾಗದ ಬಿಚ್ಚಿದರೆ ಅದು ಇವತ್ತಿಗೂ ಕಣ್ಣಿಗೆ ಬೀಳುತ್ತದೆ. ಹೊಲ ಉಳುವವನಿಗೆ ತನ್ನ ಹೊಲದ ದಾಖಲೆಯನ್ನೇ ಓದಲು ಬಾರದು. ಉರ್ದು ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು.

ಭಾರತ ಸರ್ಕಾರ 1947ರ ನವೆಂಬರ್ 29ರಂದು ನಿಜಾಮರ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡಿತು. ಕಾಗದದ ಮೇಲೆ ಯಥಾಸ್ಥಿತಿ ಇತ್ತು, ಊರುಗಳಲ್ಲಿ ಇರಲಿಲ್ಲ. ಲಾತೂರಿನಲ್ಲಿ ವಕೀಲಿ ಮಾಡಿಕೊಂಡಿದ್ದ ಖಾಸಿಂ ರಜ್ವಿಯ ನೇತೃತ್ವದಲ್ಲಿ, ಭಾರತಕ್ಕೆ ಸೇರುವುದನ್ನು ವಿರೋಧಿಸುತ್ತಿದ್ದ ಸಶಸ್ತ್ರ ಸ್ವಯಂಸೇವಕರಾದ ರಜಾಕಾರರ ಪಡೆ ಬೆಳೆದು ನಿಂತಿತ್ತು. ಆ ಭಾಗದ ಹಿರಿಯರು ಅದನ್ನು ಇವತ್ತಿಗೂ ‘ರಜಾಕಾರರ ಹಾವಳಿ’ ಎಂದೇ ಕರೆಯುವುದು. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡ ಅದರ ಅತಿ ಕ್ರೂರ ಮುಖ. ಜನ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದರು.

ಗಡಿಯಾಚೆ ಪ್ರತಿರೋಧದ ಶಿಬಿರಗಳು ಎದ್ದವು. ಇಂದಿನ ಗದಗ ಜಿಲ್ಲೆಯ ಮುಂಡರಗಿ ಆಗ ಮುಂಬೈ ಪ್ರಾಂತ್ಯದಲ್ಲಿತ್ತು, ಅಲ್ಲಿಂದ ಹೆಚ್ಚು ದೂರವಿಲ್ಲದ ಅಳವಂಡಿ ನಿಜಾಮರ ಸೀಮೆಯಲ್ಲಿ. ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿ ಶಿಬಿರದ ಮುಂದಾಳಾದರು. ಇಡೀ ಸಂಸ್ಥಾನದ ಚಳವಳಿಗೆ ನಾಯಕರಾಗಿದ್ದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ದೇಶವೆಲ್ಲ ಸಂಭ್ರಮಿಸುತ್ತಿದ್ದ 1947ರ ಆಗಸ್ಟ್ 15ರಂದೇ ಅವರ ಬಂಧನವಾಯಿತು. ಇನ್ನೊಂದು ಹೆಸರನ್ನು ಇಲ್ಲಿ ಹೇಳಲೇಬೇಕು: ಶೋಯೆಬುಲ್ಲಾ ಖಾನ್. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಈ ತರುಣ ಸಂಪಾದಕ, ಹೈದರಾಬಾದ್ ಭಾರತಕ್ಕೆ ಸೇರಬೇಕು ಎಂದು ಬರೆದದ್ದಕ್ಕೆ 1948ರ ಆಗಸ್ಟ್‌ನಲ್ಲಿ ಹತ್ಯೆಯಾದರು. ಇದನ್ನು ಹಿಂದೂ–ಮುಸ್ಲಿಂ ಜಗಳವೆಂದಷ್ಟೇ ಹೇಳಿ ಮುಗಿಸುವವರಿಗೆ ಅವರ ಸಾವೇ ಉತ್ತರ.

ಸೆಪ್ಟೆಂಬರ್ 13ರ ನಸುಕಿನಲ್ಲಿ ಭಾರತೀಯ ಸೇನೆ ಸೊಲ್ಲಾಪುರದ ಕಡೆಯಿಂದ ಒಳನುಗ್ಗಿತು. ಮೇಜರ್ ಜನರಲ್ ಜೆ.ಎನ್. ಚೌಧರಿ ಮುಖ್ಯ ಪಡೆಯ ದಂಡನಾಯಕ. ಸೈನ್ಯ, ಟ್ಯಾಂಕು, ವಿಮಾನ ಎಲ್ಲವೂ ಇದ್ದ ಈ ಕಾಳಗಕ್ಕೆ ಇಟ್ಟ ಹೆಸರು ಮಾತ್ರ ‘ಪೊಲೀಸ್ ಕಾರ್ಯಾಚರಣೆ’. ಹೈದರಾಬಾದ್ ಆಗಲೇ ವಿಶ್ವಸಂಸ್ಥೆಯ ಬಾಗಿಲು ತಟ್ಟಿತ್ತು. ಇದು ನಮ್ಮ ಮನೆಯೊಳಗಿನ ವಿಷಯ ಎಂದು ಭಾರತ ಸಾರಬೇಕಿತ್ತು. ಐದನೇ ದಿನ, 17ರ ಸಂಜೆ, ನಿಜಾಮರು ಕದನವಿರಾಮ ಘೋಷಿಸಿದರು. ಮರುದಿನ ಅವರ ಸೇನಾಧಿಪತಿ ಎಲ್ ಎಡ್ರೂಸ್ ಶರಣಾದರು.

ಭಾಷಣಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನಿಲ್ಲಬಾರದು. ಆನಂತರದ ವಾರಗಳಲ್ಲಿ ಸೇಡು ಶುರುವಾಯಿತು. ರಜಾಕಾರರ ನೆರಳೂ ಸೋಕದ ಬಡ ಮುಸ್ಲಿಂ ಕುಟುಂಬಗಳೂ ಅದಕ್ಕೆ ಬಲಿಯಾದವು. ನಿಜಸ್ಥಿತಿ ಅರಿಯಲು ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ನೇತೃತ್ವದ ತಂಡ, ಸತ್ತವರ ಸಂಖ್ಯೆ 27,000ದಿಂದ 40,000 ಇರಬಹುದು ಎಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಕಲಬುರಗಿ, ಬೀದರ್. ಎರಡು ನಮ್ಮವೇ. ಆ ವರದಿ ದಶಕಗಳ ಕಾಲ ಕಡತದಲ್ಲೇ ಉಳಿದು, ಜನರ ಕೈಗೆ ಸಿಕ್ಕಿದ್ದು 2013ರ ಹೊತ್ತಿಗೆ. ಗೋರಟಾದ ಸಾವಿಗೆ ಮರುಗುವ ಮನಸ್ಸು ಈ ಸಾವುಗಳಿಗೂ ಮರುಗಬೇಕು. ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಹೇಳಿದರೆ ಎರಡಕ್ಕೂ ಅನ್ಯಾಯ.

ಈ ದಿನವನ್ನು ಏನೆಂದು ಕರೆಯಬೇಕು ಎಂಬ ಜಗ್ಗಾಟ ಇನ್ನೂ ಮುಗಿದಿಲ್ಲ. ಮಹಾರಾಷ್ಟ್ರದಲ್ಲಿ ಇದು ‘ಮರಾಠವಾಡ ಮುಕ್ತಿಸಂಗ್ರಾಮ ದಿನ’. ತೆಲಂಗಾಣದಲ್ಲಿ ಸರ್ಕಾರ ಬದಲಾದಂತೆ ಹೆಸರೂ ಬದಲಾಯಿತು: 2022ರಲ್ಲಿ ರಾಷ್ಟ್ರೀಯ ಏಕತಾ ದಿನ, 2024ರಲ್ಲಿ ಪ್ರಜಾಪಾಲನ ದಿನ. ಅದೇ 2024ರಲ್ಲಿ ಕೇಂದ್ರ ಸರ್ಕಾರ ಇದನ್ನು ‘ಹೈದರಾಬಾದ್ ವಿಮೋಚನಾ ದಿನ’ ಎಂದು ಅಧಿಸೂಚನೆ ಹೊರಡಿಸಿತು. ನಮ್ಮಲ್ಲಿ ‘ಹೈದರಾಬಾದ್ ಕರ್ನಾಟಕ’ 2019ರಲ್ಲಿ ‘ಕಲ್ಯಾಣ ಕರ್ನಾಟಕ’ವಾಯಿತು, ವಿಮೋಚನಾ ದಿನಾಚರಣೆ ‘ಕಲ್ಯಾಣ ಕರ್ನಾಟಕ ಉತ್ಸವ’ವಾಯಿತು. ನಿಜಾಮರ ರಾಜಧಾನಿಯ ಹೆಸರಿನ ಬದಲು ಶರಣರ ಕಲ್ಯಾಣ ಬಂದದ್ದು ಸರಿಯೇ. ಆದರೆ ‘ಉತ್ಸವ’ ಎಂಬ ಪದದಲ್ಲಿ ಜೈಲು, ಶಿಬಿರ, ಊರು ಬಿಟ್ಟವರ ಪಾಡು ಯಾವುದೂ ಕೇಳಿಸುವುದಿಲ್ಲ.

ಈ ಹಿಂದುಳಿದ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ಕಲಂ ಸಂವಿಧಾನಕ್ಕೆ ಸೇರಿದಾಗ, ಹೊಸಪೇಟೆಯನ್ನು ಆಗ ಒಳಗೊಂಡಿದ್ದ ಬಳ್ಳಾರಿ ಜಿಲ್ಲೆಯೂ ಅದರೊಳಗೆ ಬಂತು. ಬಳ್ಳಾರಿ ನಿಜಾಮರ ಹೈದರಾಬಾದಿನಲ್ಲಿ ಇರಲಿಲ್ಲ. ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ಹಾಗಾಗಿ ಈಗ ಸೆಪ್ಟೆಂಬರ್ 17ರ ಬೆಳಿಗ್ಗೆ ತುಂಗಭದ್ರೆಯ ಎಡದಂಡೆಯ ಕೊಪ್ಪಳದಲ್ಲಿ ಧ್ವಜ ಏರುವ ಹೊತ್ತಿಗೆ ಬಲದಂಡೆಯ ಹೊಸಪೇಟೆಯಲ್ಲೂ ಏರುತ್ತದೆ.