ಪ್ರಾಸ್ಟೇಟ್ ದೊಡ್ಡದಾಗಿದೆ, ತೊಂದರೆ ಅಷ್ಟೇನೂ ಇಲ್ಲ: ಮಾತ್ರೆ ಬೇಕಾ?

ಸ್ಕ್ಯಾನಿಂಗ್ ಮಾಡಿಸಿದ್ದು ಪಿತ್ತಕೋಶದ ಕಲ್ಲಿಗೋ, ಹೊಟ್ಟೆನೋವಿಗೋ, ಇಲ್ಲಾ ಸುಮ್ನೆ ಹೆಲ್ತ್ ಚೆಕಪ್ ಪ್ಯಾಕೇಜಿನಲ್ಲೋ. ರಿಪೋರ್ಟಿನ ಕೊನೆಯಲ್ಲಿ ‘ಗ್ರೇಡ್ 2 ಪ್ರಾಸ್ಟೇಟೋಮೆಗಾಲಿ, 44 ಸಿಸಿ’ ಅಂತ ಒಂದು ಸಾಲು ಇರುತ್ತದೆ, ಅಂದರೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಅಂತ. ಅಲ್ಲಿಂದ ಮನೆಯವರಿಗೆಲ್ಲ ಚಿಂತೆ ಶುರು. ನಮ್ಮ ಯೂರಾಲಜಿ ಒಪಿಡಿಗೆ ಹೀಗೆ ಬರುವ ಅರವತ್ತು ದಾಟಿದವರು ತುಂಬಾ ಜನ. ‘ನನಗೇನೂ ಆಗಿಲ್ಲ ಡಾಕ್ಟ್ರೇ, ರಾತ್ರಿ ಒಂದು ಸಲ ಏಳ್ತೀನಿ ಅಷ್ಟೇ’ ಅಂತಾರೆ ಅಪ್ಪ. ‘ಗಟ್ಟಿಮುಟ್ಟಾಗಿರುವಾಗಲೇ ಆಪರೇಷನ್ ಮಾಡಿಸಿಬಿಡೋಣವಾ ಸರ್?’ ಅನ್ನುವುದು ಮಗ.

ಇಂಥವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಇರಲಿ, ಮಾತ್ರೆಯೂ ಬೇಡ.

ಗಂಡಸರ ಮೂತ್ರಚೀಲದ ಕೆಳಗೆ ಮೂತ್ರನಾಳವನ್ನು ಸುತ್ತಿಕೊಂಡಿರುವ ಈ ಗ್ರಂಥಿ ವಯಸ್ಸಾದಂತೆ ಬೆಳೆಯುವುದು ಸಹಜ. ಅದು ಹೊರಗಡೆಗೆ ಬೆಳೆದರೆ 80 ಸಿಸಿ ಇದ್ದರೂ ಮೂತ್ರ ಸಲೀಸಾಗಿ ಹೋಗಬಹುದು, ಒಳಗಡೆ ನಾಳವನ್ನು ಒತ್ತಿದರೆ 30 ಸಿಸಿ ಇದ್ದವರೂ ತಿಣುಕಬೇಕಾಗುತ್ತದೆ. ಹಾಗಂತ ಸೈಜಿಗೆ ಬೆಲೆಯೇ ಇಲ್ಲ ಅಂತಲ್ಲ, ತುಂಬಾ ದೊಡ್ಡದಿದ್ದವರಿಗೆ ಮುಂದೆ ಮೂತ್ರ ಕಟ್ಟುವ ಸಾಧ್ಯತೆ ಜಾಸ್ತಿ, ಅವರನ್ನು ಸ್ವಲ್ಪ ಹತ್ತಿರದಿಂದ ಗಮನಿಸುತ್ತೇವೆ. ಈ ಊತ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವಿಗಾಗಿ ಮಾಡುವ ಪಿಎಸ್ಎ ಅನ್ನುವ ರಕ್ತಪರೀಕ್ಷೆ ಬೇಕೋ ಬೇಡವೋ ಅನ್ನುವುದು ಬೇರೆಯೇ ಮಾತು, ಅದನ್ನು ನಿಮ್ಮ ಡಾಕ್ಟರ ಜೊತೆ ಕೂತು ಮಾತಾಡಿ.

ಮೂತ್ರದ ತೊಂದರೆ ಎಷ್ಟಿದೆ ಅಂತ ತಿಳಿಯಲು ನಾವು ಏಳು ಪ್ರಶ್ನೆ ಕೇಳಿ 35ಕ್ಕೆ ಅಂಕ ಹಾಕುತ್ತೇವೆ. 7ರವರೆಗೆ ಬಂದರೆ ತೊಂದರೆ ಕಡಿಮೆ ಅಂತ ಲೆಕ್ಕ. ಆದರೆ ನಾನು ಹೆಚ್ಚು ಕಿವಿಗೊಡುವುದು ಕೊನೆಯಲ್ಲಿ ಪ್ರತ್ಯೇಕವಾಗಿ ಕೇಳುವ ಎಂಟನೆಯದಕ್ಕೆ: ಈಗಿರುವ ಹಾಗೇ ಜೀವನಪೂರ್ತಿ ಇದ್ದರೆ ನಿಮಗೆ ಹೇಗನಿಸುತ್ತದೆ? ‘ಇರಲಿ ಬಿಡಿ, ಏನಂತೆ’ ಅಂದರೆ ಮಾತ್ರೆ ಬರೆಯಲು ನನಗೆ ಅವಸರವಿಲ್ಲ.

ತೊಂದರೆ ಗೊತ್ತಾಗದೆಯೇ ಒಳಗೆ ಏನಾದರೂ ನಡೆಯುತ್ತಿದೆಯಾ ಅಂತ ಮಾತ್ರ ನೋಡಲೇಬೇಕು. ಮೂತ್ರ ಪರೀಕ್ಷೆ, ಕಿಡ್ನಿ ಹೇಗಿದೆ ಅಂತ ತಿಳಿಯಲು ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕ. ಈ ಮೂರನೆಯದರಲ್ಲಿ ಎಷ್ಟೋ ಜನ ಸುಮ್ನೆ ಹೆದರುತ್ತಾರೆ. ಸ್ಕ್ಯಾನಿಂಗ್ ಸೆಂಟರಿನಲ್ಲಿ ಲೀಟರುಗಟ್ಟಲೆ ನೀರು ಕುಡಿಸಿ, ಸರದಿ ಬರುವವರೆಗೆ ಹಿಡಿದು ಕೂರಿಸುತ್ತಾರೆ. ಹಾಗೆ ಬಿರಿಯುವಷ್ಟು ತುಂಬಿದ ಚೀಲ ಒಂದೇ ಸಲಕ್ಕೆ ಪೂರ್ತಿ ಖಾಲಿಯಾಗುವುದಿಲ್ಲ, ರಿಪೋರ್ಟಿನಲ್ಲಿ 120 ಎಂಎಲ್ ಉಳಿದಿದೆ ಅಂತ ಬರುತ್ತದೆ. ಬೇರೆ ದಿನ, ಮಾಮೂಲಾಗಿ ಅವಸರವಾದಾಗ ಹೋಗಿ ಬಂದ ಮೇಲೆ ನೋಡಿದರೆ ಅದೇ ಮನುಷ್ಯನಿಗೆ 30 ಇರಬಹುದು. ಒಂದೇ ಸಲದ ಲೆಕ್ಕ ನಂಬಿ ಏನನ್ನೂ ಶುರು ಮಾಡಬೇಡಿ.

ಕಾಯುವುದು ಅಂದರೆ ಕೈಬಿಡುವುದಲ್ಲ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಧ್ಯಮ ತೊಂದರೆ ಇದ್ದ 556 ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಆಪರೇಷನ್ ಮಾಡಿ, ಉಳಿದವರನ್ನು ಗಮನಿಸುತ್ತಾ ಬಂದರು. ಆಪರೇಷನ್ ಆದವರಿಗೆ ಆರಾಮ ಜಾಸ್ತಿ ಸಿಕ್ಕಿತು, ನಿಜ. ಆದರೆ ಕಾದವರಲ್ಲಿ ಮೂರು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು ಸುಮಾರು ಕಾಲು ಭಾಗ ಮಾತ್ರ. ಆ ಅಧ್ಯಯನದಲ್ಲಿದ್ದವರ ತೊಂದರೆ ನಾನು ಇಲ್ಲಿ ಹೇಳುತ್ತಿರುವವರಿಗಿಂತ ಜಾಸ್ತಿ ಇತ್ತು ಅನ್ನುವುದನ್ನೂ ನೆನಪಿಡಿ.

ಮಾತ್ರೆಗಳಿಗೂ ಬೆಲೆ ತೆರಬೇಕಾಗುತ್ತದೆ. ಟ್ಯಾಮ್ಸುಲೋಸಿನ್ ಕೆಲವೇ ದಿನಗಳಲ್ಲಿ ಆರಾಮ ಕೊಡುತ್ತದೆ, ಗ್ರಂಥಿಯನ್ನು ಮಾತ್ರ ಕುಗ್ಗಿಸುವುದಿಲ್ಲ. ಎದ್ದಾಗ ತಲೆಸುತ್ತು ಬರಬಹುದು, ವೀರ್ಯ ಹೊರಬರದೆ ಹೋಗಬಹುದು. ಕಣ್ಣಿನ ಪೊರೆ ಆಪರೇಷನ್ ಇದ್ದರೆ ಈ ಮಾತ್ರೆಯ ವಿಷಯ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಫಿನಾಸ್ಟರೈಡ್, ಡುಟಾಸ್ಟರೈಡ್ ದೊಡ್ಡ ಗ್ರಂಥಿಯನ್ನು ಕುಗ್ಗಿಸುತ್ತವೆ, ಆದರೆ ಆರು ತಿಂಗಳಾದರೂ ಬೇಕು. ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು. ಪಿಎಸ್ಎ ಸುಮಾರು ಅರ್ಧಕ್ಕೆ ಇಳಿಯುವುದರಿಂದ ಗೊತ್ತಿಲ್ಲದವರು ಅದನ್ನು ತಪ್ಪಾಗಿ ಓದುವ ಅಪಾಯವೂ ಇದೆ. ತೊಂದರೆ ಇದ್ದವರಿಗೆ ಇವೆಲ್ಲ ಒಳ್ಳೆಯ ಔಷಧಗಳೇ. ಆರಾಮಾಗಿ ಇದ್ದವರಿಗೆ ಯಾಕೆ, ಅಲ್ವಾ?

ರಾತ್ರಿ ಏಳುವುದಕ್ಕೆ ಪ್ರಾಸ್ಟೇಟ್ ಒಂದೇ ಕಾರಣವೂ ಅಲ್ಲ. ಹತೋಟಿಯಲ್ಲಿಲ್ಲದ ಶುಗರ್, ಕಾಲಿನ ಬಾವು, ಸಂಜೆ ತೆಗೆದುಕೊಳ್ಳುವ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವಂಥದ್ದು), ಮಲಗುವ ಮುಂಚಿನ ಕಾಫಿ ಇವನ್ನೂ ವಿಚಾರಿಸುತ್ತೇನೆ.

ಸದ್ಯಕ್ಕೆ ವರ್ಷಕ್ಕೊಮ್ಮೆ ಬಂದು ತೋರಿಸಿದರೆ ಸಾಕು. ಮೂತ್ರದಲ್ಲಿ ರಕ್ತ, ಪದೇ ಪದೇ ಸೋಂಕು, ಚೀಲದಲ್ಲಿ ಕಲ್ಲು, ಕ್ರಿಯಾಟಿನಿನ್ ಏರಿಕೆ ಇವು ಕಂಡರೆ ಮಾತ್ರ ಲೆಕ್ಕಾಚಾರವೇ ಬೇರೆ, ಆಗ ಆಪರೇಷನ್ ಬಗ್ಗೆಯೂ ಮಾತಾಡಬೇಕಾಗುತ್ತದೆ. ನೆಗಡಿಯಾದಾಗ ಮೆಡಿಕಲ್ ಸ್ಟೋರಿನಿಂದ ನೀವೇ ಮಾತ್ರೆ ತಂದು ನುಂಗಬೇಡಿ, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಮಾತ್ರೆಗಳಿಂದ ಮೂತ್ರ ಒಮ್ಮೆಲೇ ನಿಂತುಹೋಗಬಹುದು. ಹಾಗೆ ನಿಂತು, ಕೆಳಹೊಟ್ಟೆ ಉಬ್ಬಿ ನೋವು ಬಂದರೆ ಬೆಳಗಾಗುವವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿಸಿಕೊಳ್ಳಿ.